ಜಿಪ್ಸಂ ಬೋರ್ಡ್ ಗೋಡೆಗೆ ಬೂಷ್ಟು ಹಿಡಿದರೆ ಏನು ಮಾಡಬೇಕು? ನಿಮ್ಮ ಪ್ರಶ್ನೆ, ನನ್ನ ಉತ್ತರ

ನೀರು ನುಗ್ಗಿದ, ತೇವ ಕುಡಿದ ಕಟ್ಟಡಗಳನ್ನು ಒಣಗಿಸಿ ಸರಿಪಡಿಸುವುದು ನನ್ನ ಕೆಲಸ. ಜಿಪ್ಸಂ ಬೋರ್ಡ್ ಅಂದರೆ ಡ್ರೈವಾಲ್ ಗೋಡೆಗಳ ಬಗ್ಗೆ ಗುಂಪಿನಲ್ಲಿ ತುಂಬಾ ಜನ ಕೇಳುತ್ತಿದ್ದೀರಿ. ಎಲ್ಲಕ್ಕೂ ಇಲ್ಲೇ ಉತ್ತರಿಸುತ್ತೇನೆ.

ಪ್ರಶ್ನೆ: ಸರ್, ಬಾತ್‌ರೂಮಿಗೆ ಅಂಟಿಕೊಂಡ ಬೆಡ್‌ರೂಮ್ ಗೋಡೆ ಜಿಪ್ಸಂ ಬೋರ್ಡಿನದು. ಸ್ಕರ್ಟಿಂಗ್ ಮೇಲೆ ಒಂದು ಗೇಣು ಎತ್ತರಕ್ಕೆ ಕಪ್ಪು ಚುಕ್ಕೆ ಬಂದಿದೆ. ಬ್ಲೀಚ್ ಹಾಕಿ ಒರೆಸಿದರೆ ಬೆಳ್ಳಗಾಗುತ್ತದೆ, ಕೆಲವೇ ದಿನಕ್ಕೆ ಮತ್ತೆ ಬರುತ್ತದೆ. ಫಂಗಸ್ ತಡೆಯುವ ಪ್ರೈಮರ್ ಹೊಡೆದು ಪೇಂಟ್ ಮಾಡಿದರೆ ಸಾಕು ಅಂತ ಪೇಂಟರ್ ಹೇಳುತ್ತಾರೆ. ಸಾಕಾ?

ಉತ್ತರ: ಸಾಲದು ಸರ್. ಈ ಬೋರ್ಡಿನ ನಡುವೆ ಇರುವುದು ಜಿಪ್ಸಂ, ಅದರ ಎರಡೂ ಮುಖಕ್ಕೆ ಅಂಟಿಸಿರುವುದು ಕಾಗದ. ಬೂಷ್ಟಿಗೆ ಆಹಾರ ಆ ಕಾಗದ. ಜಿಪ್ಸಂ ತಿರುಳು, ಬತ್ತಿ ಎಣ್ಣೆ ಎಳೆದುಕೊಂಡ ಹಾಗೆ, ನೆಲದ ನೀರನ್ನು ಮೇಲಕ್ಕೆ ಎಳೆದು ಆ ಕಾಗದವನ್ನು ಸದಾ ಒದ್ದೆಯಾಗಿ ಇಡುತ್ತದೆ. ನಿಮಗೆ ಕಾಣುತ್ತಿರುವುದು ರೂಮಿನ ಕಡೆಯ ಕಾಗದ ಮಾತ್ರ. ಗಾಳಿ ಬೆಳಕು ಇಲ್ಲದ ಹಿಂದಿನ ಮುಖದಲ್ಲಿ ಸಾಮಾನ್ಯವಾಗಿ ಇದಕ್ಕಿಂತ ಹೆಚ್ಚು ಹರಡಿರುತ್ತದೆ.

ಬ್ಲೀಚ್‌ನಲ್ಲಿ ಬಹುಪಾಲು ನೀರೇ. ಕ್ಲೋರಿನ್ ಮೇಲ್ಮೈಯ ಬಣ್ಣ ತೆಗೆದು ಅಲ್ಲೇ ಮುಗಿಯುತ್ತದೆ, ನೀರು ಮಾತ್ರ ಒಳಗೆ ಇಳಿಯುತ್ತದೆ. ಅಂದರೆ ಒರೆಸಿದಷ್ಟು ಸಲವೂ ನೀವು ಗೋಡೆಗೆ ನೀರು ಕುಡಿಸುತ್ತಿದ್ದೀರಿ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ ಕೂಡ ಬೂಷ್ಟು ತೆಗೆಯಲು ಬ್ಲೀಚನ್ನು ಮಾಮೂಲಿಯಾಗಿ ಬಳಸಬೇಡಿ ಅನ್ನುತ್ತದೆ. ಸತ್ತ ಬೂಷ್ಟೂ ಅಲರ್ಜಿ ತರಬಲ್ಲದು, ಹಾಗಾಗಿ ಅದನ್ನು ಸಾಯಿಸುವುದಲ್ಲ, ಅಲ್ಲಿಂದ ತೆಗೆಯುವುದೇ ಕೆಲಸ. ಮೇಲೆ ಪೇಂಟ್ ಹೊಡೆದರೆ ಅದು ಗುಳ್ಳೆ ಎದ್ದು ಕಿತ್ತುಬರುತ್ತದೆ.

ಬೋರ್ಡ್ ಕತ್ತರಿಸುವ ಮೊದಲು ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕಿ. ಬಾತ್‌ರೂಮ್ ಗೋಡೆಯಾದರೆ ಅನುಮಾನ ಮೂರು ಕಡೆ. ಮನೆಯ ಎಲ್ಲ ನಲ್ಲಿ ಮುಚ್ಚಿ ನೀರಿನ ಮೀಟರ್ ನೋಡಿ. ಮುಳ್ಳು ಅಲುಗಿದರೆ ನೀರು ಬರುವ ಪೈಪಿನಲ್ಲೇ ಎಲ್ಲೋ ಸೋರಿಕೆ ಇದೆ. ಅಲುಗದಿದ್ದರೆ, ಗೋಡೆಗೆ ಒಂದು ಹನಿಯೂ ತಾಗದ ಹಾಗೆ ಬಕೆಟ್ ನೀರನ್ನು ನೇರ ಡ್ರೇನ್ ಕಿಂಡಿಗೆ ಸುರಿಯಿರಿ. ಆಗ ಬೆಡ್‌ರೂಮ್ ಕಡೆ ತೇವ ಏರಿದರೆ ಡ್ರೇನ್ ಜಾಯಿಂಟ್ ಬಿಟ್ಟಿದೆ. ಅದೂ ಅಲ್ಲವಾದರೆ ಶವರ್ ನೀರನ್ನು ಟೈಲ್ಸ್ ಮೇಲೆ ಬಿಡಿ. ಈಗ ತೇವ ಬಂದರೆ ಗ್ರೌಟ್, ಅಂದರೆ ಟೈಲ್ಸ್ ನಡುವಿನ ಸಂದಿಗೆ ತುಂಬಿದ ಪುಟ್ಟಿ, ಅಥವಾ ಮೂಲೆಯ ಸಿಲಿಕಾನ್ ಬಿರುಕು ಬಿಟ್ಟಿದೆ. ಒಂದೊಂದು ಪರೀಕ್ಷೆಯ ನಡುವೆ ಗೋಡೆ ಆರಲು ಸಮಯ ಕೊಡಿ, ಇಲ್ಲದಿದ್ದರೆ ಯಾವ ನೀರು ಯಾವುದು ಅಂತ ಗೊತ್ತಾಗುವುದಿಲ್ಲ. ಸೋರಿಕೆ ನಿಲ್ಲಿಸದೆ ಹೊಸ ಬೋರ್ಡ್ ಹಾಕಿದರೆ ದುಡ್ಡೂ ಹೋಗುತ್ತದೆ, ಬೋರ್ಡೂ ಹೋಗುತ್ತದೆ.

ಅದೇ ಸದಸ್ಯರು: ಡ್ರೇನ್ ಜಾಯಿಂಟೇ ಸರ್. ಪ್ಲಂಬರ್ ಸರಿ ಮಾಡಿದರು. ಇನ್ನು ಬೋರ್ಡ್ ನಾನೇ ಕತ್ತರಿಸಬಹುದಾ? ಎಷ್ಟು ಕತ್ತರಿಸಬೇಕು?

ಉತ್ತರ: ಬೂಷ್ಟು ಹಿಡಿದ ಜಾಗ ಒಟ್ಟು ಸುಮಾರು 10 ಚದರ ಅಡಿಯೊಳಗಿದ್ದರೆ, ಅಂದರೆ ಹೆಚ್ಚುಕಡಿಮೆ 3 ಅಡಿಗೆ 3 ಅಡಿ, ಮನೆಯವರೇ ಮಾಡಬಹುದು ಅನ್ನುವುದು ಇಪಿಎ ಸಲಹೆ. ನಾನೂ ಅದನ್ನೇ ಹೇಳುತ್ತೇನೆ, ಎರಡು ಷರತ್ತಿನ ಮೇಲೆ. ನಿಮಗೆ ಆಸ್ತಮಾ ಇರಬಾರದು. ಜೊತೆಗೆ ಕಟ್ಟಡ ತೀರಾ ಹಳೆಯದಾಗಿರಬಾರದು. 1970ರ ದಶಕದವರೆಗೂ ಬೋರ್ಡ್ ಜಾಯಿಂಟಿಗೆ ಹಚ್ಚುವ ಪುಟ್ಟಿಯಲ್ಲಿ ಆಸ್ಬೆಸ್ಟಾಸ್, ಅಂದರೆ ಧೂಳಾಗಿ ಉಸಿರಿಗೆ ಹೋದರೆ ಕ್ಯಾನ್ಸರ್ ತರಬಲ್ಲ ಖನಿಜದ ನಾರು, ಸೇರಿಸುವುದಿತ್ತು. ಆ ಕಾಲದ ಗೋಡೆಯಾದರೆ ಮೊದಲು ಸ್ಯಾಂಪಲ್ ಪರೀಕ್ಷೆ ಮಾಡಿಸಿ, ಆಮೇಲೆ ಚಾಕು ಮುಟ್ಟಿ.

ಮಕ್ಕಳನ್ನೂ ವಯಸ್ಸಾದವರನ್ನೂ ಬೇರೆ ಕಡೆ ಕಳಿಸಿ. ಆ ಗೋಡೆಯ ಕರೆಂಟ್ ಮೇನ್‌ನಲ್ಲೇ ಆಫ್ ಮಾಡಿ. ಎಸಿ ನಿಲ್ಲಿಸಿ, ಗಾಳಿ ಕಿಂಡಿಗಳಿಗೆ ಪ್ಲಾಸ್ಟಿಕ್ ಅಂಟಿಸಿ, ಬಾಗಿಲಿಗೆ ದಪ್ಪ ಪ್ಲಾಸ್ಟಿಕ್ ಶೀಟ್ ಕಟ್ಟಿ. ಕಿಟಕಿಯಲ್ಲಿ ಫ್ಯಾನ್ ಇಡುವುದಾದರೆ ಗಾಳಿ ಹೊರಗೆ ತಳ್ಳುವ ಹಾಗೆ ಇಡಿ. ನಿಮಗೆ ಎನ್95 ಮಾಸ್ಕ್, ಗಾಳಿ ತೂತು ಇಲ್ಲದ ಕನ್ನಡಕ, ಮೊಣಕೈ ಕಡೆಗೆ ಬರುವ ಗ್ಲೌಸ್ ಬೇಕು. ಬಟ್ಟೆಯ ಮಾಸ್ಕ್ ನಡೆಯುವುದಿಲ್ಲ.

ಕತ್ತರಿಸುವ ಜಾಗಕ್ಕೆ ಸ್ಪ್ರೇ ಬಾಟಲಿನಿಂದ ಮಂಜಿನ ಹಾಗೆ ನೀರು ಚಿಮುಕಿಸಿ, ಧೂಳು ಹಾರುವುದಿಲ್ಲ. ಮೆಷಿನ್ ಗರಗಸ ಬೇಡವೇ ಬೇಡ. ಅದು ಬೂಷ್ಟಿನ ಪುಡಿಯನ್ನು ಇಡೀ ಮನೆಗೆ ಹಂಚುತ್ತದೆ, ಹಿಂದಿನ ವೈರಿಗೂ ಪೈಪಿಗೂ ತಗುಲುತ್ತದೆ. ಚೂಪಾದ ಚಾಕುವಿನಿಂದ ಅದೇ ಗೆರೆಯ ಮೇಲೆ ಎರಡು ಮೂರು ಸಲ ಎಳೆಯಿರಿ. ಕಲೆ ಮುಗಿದಲ್ಲಿಗೇ ನಿಲ್ಲಿಸಬೇಡಿ. ಅಲ್ಲಿಂದ ಸುಮಾರು 2 ಅಡಿ ಆಚೆ ತನಕ ಹೋಗಿ, ತೆಗೆದ ತುಂಡನ್ನು ತಿರುಗಿಸಿ ಹಿಂದಿನ ಕಾಗದ ನೋಡಿ. ಅಂಚಿನ ಕಾಗದ ಒಣಗಿ, ಕಲೆಯಿಲ್ಲದೆ, ಬೆರಳಿನಿಂದ ತಿಕ್ಕಿದರೂ ಸಿಪ್ಪೆ ಏಳದೆ ಗಟ್ಟಿಯಾಗಿದ್ದರೆ ಸಾಕು. ಮೆತ್ತಗಿದ್ದರೆ ಇನ್ನೂ ಮುಂದೆ ಹೋಗಿ. ಪಕ್ಕದ ಅಂಚು ಸ್ಟಡ್‌ನ, ಅಂದರೆ ಬೋರ್ಡನ್ನು ಹಿಂದಿನಿಂದ ಹಿಡಿದಿರುವ ಮರದ ಅಥವಾ ಸ್ಟೀಲಿನ ನಿಲುಪಟ್ಟಿಯ, ನಡುಮಧ್ಯಕ್ಕೆ ಬರಲಿ, ಹೊಸ ಬೋರ್ಡಿಗೆ ಸ್ಕ್ರೂ ಹಿಡಿಯಲು ಆಸರೆ ಬೇಕಲ್ಲ.

ತುಂಡುಗಳನ್ನು ರೂಮಿನೊಳಗೇ ದಪ್ಪ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ ಆಚೆ ಒಯ್ಯಿರಿ. ಒಳಗೆ ಒದ್ದೆಯಾದ ಇನ್ಸುಲೇಶನ್ ಇದ್ದರೆ ಅದೂ ಹೋಗಲಿ. ಮರದ ಸ್ಟಡ್‌ಗಳನ್ನು ಡಿಟರ್ಜೆಂಟ್ ನೀರಿನಲ್ಲಿ ಬ್ರಷ್‌ನಿಂದ ಉಜ್ಜಿ ಒರೆಸಿ. ಸ್ಟೀಲ್ ಚಾನೆಲ್ ಆದರೆ ಒರೆಸಿದರೆ ಸಾಕು. ಆರಿದ ಮೇಲೆ ಹೆಪಾ ಫಿಲ್ಟರ್, ಅಂದರೆ ತೀರಾ ಸಣ್ಣ ಕಣವನ್ನೂ ಹಿಡಿಯುವ ಫಿಲ್ಟರ್, ಇರುವ ವ್ಯಾಕ್ಯೂಮ್ ಹಾಕಿ. ಸಾಮಾನ್ಯ ವ್ಯಾಕ್ಯೂಮ್ ಸಣ್ಣ ಕಣಗಳನ್ನು ಹಿಂದಿನಿಂದ ವಾಪಸ್ ಊದುತ್ತದೆ.

ಇಲ್ಲಿಗೆ ಬಂದ ಮೇಲೆ ದಯವಿಟ್ಟು ಅವಸರ ಮಾಡಬೇಡಿ. ಗೋಡೆ ತೆರೆದೇ ಇರಲಿ. ಮರದ ತೇವ ಮೀಟರಿನಲ್ಲಿ 15 ಶೇಕಡಾಕ್ಕೆ ಇಳಿಯುವವರೆಗೆ ಮುಚ್ಚಬೇಡಿ. ಕೈಗೆ ಒಣಗಿದ ಹಾಗೆ ಅನಿಸುವ ಮರದೊಳಗೂ ತೇವ ಉಳಿದಿರುತ್ತದೆ. ನನ್ನನ್ನು ಎರಡನೇ ಸಲ ಕರೆಸುವ ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಒದ್ದೆ ಸ್ಟಡ್ ಮೇಲೆ ಮುಚ್ಚಿದ ಹೊಸ ಬೋರ್ಡನ್ನೇ.

ಪ್ರಶ್ನೆ: ನಮ್ಮದು ಕಪ್ಪಲ್ಲ, ಬೇಸ್‌ಮೆಂಟ್ ಕಾಂಕ್ರೀಟ್ ಗೋಡೆಯ ಮೇಲೆ ಬಿಳಿ ಪುಡಿ. ಇದೂ ಬೂಷ್ಟೇ?

ಉತ್ತರ: ಒಂದು ಹನಿ ನೀರು ಬಿಟ್ಟು ನೋಡಿ. ಪುಡಿ ಕರಗಿ ಮಾಯವಾದರೆ ಅದು ಗೋಡೆಯಿಂದ ಹೊರಬಂದ ಉಪ್ಪು. ಉಪ್ಪು ಅಪಾಯವಲ್ಲ, ಆದರೆ ಗೋಡೆಯ ಮೂಲಕ ನೀರು ಹಾದುಬರುತ್ತಿದೆ ಅನ್ನುವುದಕ್ಕೆ ಸಾಕ್ಷಿ. ಅದರ ಮುಂದೆ ಜಿಪ್ಸಂ ಬೋರ್ಡ್ ಹಾಕುವ ಯೋಚನೆಯಿದ್ದರೆ ಈಗಲೇ ಬಿಡಿ.

ಪ್ರಶ್ನೆ: ನಮಸ್ಕಾರ. ನಾನು ಒಂದು ಲಾಡ್ಜ್ ಮ್ಯಾನೇಜರ್. ಹೊರಗೋಡೆಯ ಕಡೆಯ ರೂಮುಗಳಲ್ಲಿ ವಿನೈಲ್ ವಾಲ್‌ಪೇಪರ್ ಮೇಲೆ ತಿಳಿಗೆಂಪು ಕಲೆ ಏಳುತ್ತಿದೆ, ಮುಗ್ಗಲು ವಾಸನೆ ಬೇರೆ. ಪ್ಲಂಬರ್ ಎಲ್ಲ ನೋಡಿದರು, ಎಲ್ಲೂ ಲೀಕೇಜ್ ಇಲ್ಲ. ಎಸಿ ಚೆನ್ನಾಗೇ ತಂಪು ಮಾಡುತ್ತದೆ.

ಉತ್ತರ: ಮೇಡಂ, ಲೀಕೇಜ್ ಇಲ್ಲ ಅಂತ ಪ್ಲಂಬರ್ ಹೇಳಿದ್ದು ನಿಜವಿರಬಹುದು. ನಿಮ್ಮ ಗೋಡೆಗೆ ನೀರು ಬರುತ್ತಿರುವುದು ಗಾಳಿಯಿಂದ. ಸೆಕೆಯ, ತೇವದ ಹವೆಯಿರುವ ಊರುಗಳ ಎಸಿ ಕಟ್ಟಡಗಳಲ್ಲಿ ಇದು ಹೆಸರುವಾಸಿ ರೋಗ.

ಹೊರಗೆ 32 ಡಿಗ್ರಿ ಸೆಲ್ಸಿಯಸ್, ಆರ್ದ್ರತೆ 75 ಶೇಕಡಾ ಅಂತ ಇಟ್ಟುಕೊಳ್ಳಿ. ಆ ಗಾಳಿ ಸುಮಾರು 27 ಡಿಗ್ರಿಗಿಂತ ತಣ್ಣಗಿರುವ ಯಾವ ಮೇಲ್ಮೈ ಮುಟ್ಟಿದರೂ ನೀರಾಗುತ್ತದೆ. ನಿಮ್ಮ ರೂಮು 21 ಡಿಗ್ರಿಯಲ್ಲಿದೆ. ಹೊರಗಿನ ಗಾಳಿ ಗೋಡೆಯ ಸಂದಿಗೆ ನುಗ್ಗಿ ತಣ್ಣಗಿನ ಬೋರ್ಡಿನ ಬೆನ್ನಿಗೆ ತಾಗುತ್ತದೆ. ಆ ತೇವ ಬೋರ್ಡ್ ದಾಟಿ ರೂಮಿಗೆ ಬಂದಿದ್ದರೆ ಎಸಿ ಅದನ್ನು ಒಣಗಿಸುತ್ತಿತ್ತು. ಆದರೆ ವಿನೈಲ್ ಅಂದರೆ ಪ್ಲಾಸ್ಟಿಕ್, ಅದು ದಾರಿ ಮುಚ್ಚಿದೆ. ಕಾಗದ, ಅಂಟು, ತೇವ ಮೂರೂ ಅದರ ಹಿಂದೆ ಸಿಕ್ಕಿಬಿದ್ದಿವೆ. ಅಲ್ಲಿ ಬೆಳೆದ ಜೀವಿಗಳು ಬಿಡುವ ಬಣ್ಣ ವಿನೈಲ್ ಒಳಗೆ ಇಳಿದು ನಿಮಗೆ ತಿಳಿಗೆಂಪಾಗಿ ಕಾಣುತ್ತಿದೆ. ಕಪಾಟಿನ ಹಿಂದೆ, ಕಣ್ಣಿಗೆ ಬೀಳದ ಕಡೆ ಒಂದು ಮೂಲೆ ಬಿಡಿಸಿ ನೋಡಿ, ಗೊತ್ತಾಗುತ್ತದೆ.

ಹೊರಗಿನ ಗಾಳಿ ಯಾಕೆ ನುಗ್ಗುತ್ತಿದೆ ಅನ್ನುವುದು ಮುಖ್ಯ. ಪ್ರತಿ ಬಾತ್‌ರೂಮಿನ ಎಕ್ಸಾಸ್ಟ್ ಫ್ಯಾನ್ ಗಾಳಿಯನ್ನು ಆಚೆ ಎಳೆಯುತ್ತಿದೆ. ಅಷ್ಟೇ ಗಾಳಿಯನ್ನು ಒಣಗಿಸಿ ಒಳಗೆ ಕೊಡುವ ವ್ಯವಸ್ಥೆ ಇಲ್ಲದಿದ್ದರೆ, ಕಟ್ಟಡ ಅದನ್ನು ಬಿರುಕುಗಳಿಂದ, ಸ್ವಿಚ್ ಬಾಕ್ಸ್‌ಗಳಿಂದ, ಗೋಡೆಯ ಸಂದಿಯಿಂದ ಎಳೆದುಕೊಳ್ಳುತ್ತದೆ. ಇದನ್ನು ಅಳೆದು ಸರಿಪಡಿಸುವುದು ಎಸಿ ಎಂಜಿನಿಯರ್ ಕೆಲಸ. ಎಸಿ ಬೇಕಾದ್ದಕ್ಕಿಂತ ದೊಡ್ಡದಿದೆಯೇ ಅಂತಲೂ ಕೇಳಿ. ದೊಡ್ಡ ಎಸಿ ಬೇಗ ತಂಪು ಮಾಡಿ ನಿಂತುಬಿಡುತ್ತದೆ, ಗಾಳಿಯ ತೇವ ತೆಗೆಯಲು ಅದಕ್ಕೆ ಸಮಯವೇ ಸಿಗುವುದಿಲ್ಲ. ಮುಂದೆ ಹೊರಗೋಡೆಗೆ ವಿನೈಲ್ ಬೇಡ, ಉಸಿರಾಡುವ ಪೇಂಟ್ ಸಾಕು.

ಬೋರ್ಡ್ ತೆಗೆಯುವ ಕೆಲಸ ನಿಮ್ಮ ಹೌಸ್‌ಕೀಪಿಂಗ್ ಹುಡುಗರಿಂದ ಮಾಡಿಸಬೇಡಿ. 100 ಚದರ ಅಡಿ ದಾಟಿದರೆ ಆ ಭಾಗವನ್ನು ಪೂರ್ತಿ ಪ್ಲಾಸ್ಟಿಕ್‌ನಿಂದ ಬೇರ್ಪಡಿಸಿ, ಹೆಪಾ ಫಿಲ್ಟರ್ ಯಂತ್ರದಿಂದ ಗಾಳಿ ಎಳೆದು ಹೊರಹಾಕುತ್ತಾ ಕೆಲಸ ಮಾಡಬೇಕು. ಅದಕ್ಕೆ ತರಬೇತಿ ಇದ್ದವರೇ ಆಗಬೇಕು. ಅಕ್ಕಪಕ್ಕದ ರೂಮುಗಳನ್ನು ಅಷ್ಟು ದಿನ ಅತಿಥಿಗಳಿಗೆ ಕೊಡಬೇಡಿ. ನಷ್ಟ ಆಗುತ್ತದೆ ಅಂತ ನನಗೂ ಗೊತ್ತು, ಆದರೂ ಕೊಡಬೇಡಿ.

ಪ್ರಶ್ನೆ: ಅಂಗಡಿಗೆ ರಾತ್ರಿ ರಸ್ತೆಯ ನೀರು ಮೊಣಕಾಲ ತನಕ ನುಗ್ಗಿತ್ತು. ಈಗ ಇಳಿದಿದೆ. ಬೋರ್ಡ್ ನೋಡಲು ಚೆನ್ನಾಗಿದೆ. ಫ್ಯಾನ್ ಹಾಕಿ ಒಣಗಿಸಿದರೆ ಉಳಿಯುತ್ತದಾ?

ಉತ್ತರ: ಉಳಿಸಲು ಹೋಗಬೇಡಿ ಅಣ್ಣಾ. ರಸ್ತೆಯ ನೀರು ಅಂದರೆ ಚರಂಡಿ ನೀರೂ ಸೇರಿರುತ್ತದೆ. ಆ ನೀರು ಕುಡಿದ ಬೋರ್ಡನ್ನು ಬೂಷ್ಟು ಬಂದಿದೆಯೋ ಇಲ್ಲವೋ ಅಂತ ನೋಡದೆ ತೆಗೆಯಬೇಕು. ನೀರಿನ ಗೆರೆಗಿಂತ ಕನಿಷ್ಠ 1 ಅಡಿ ಮೇಲಕ್ಕೆ ಕತ್ತರಿಸಿ. ನಾವು ಎಷ್ಟೋ ಸಲ ನೇರ 4 ಅಡಿಗೇ ಕತ್ತರಿಸುತ್ತೇವೆ. ಬೋರ್ಡಿನ ಅಗಲ 4 ಅಡಿ ಇರುವುದರಿಂದ ಹೊಸದನ್ನು ಅಡ್ಡಕ್ಕೆ ಕೂರಿಸಿದರೆ ಮುಗಿಯಿತು. ಒದ್ದೆ ಬೋರ್ಡಿನಲ್ಲಿ 24ರಿಂದ 48 ಗಂಟೆಯಲ್ಲೇ ಬೂಷ್ಟು ಶುರುವಾಗಬಲ್ಲದು, ಹಾಗಾಗಿ ಇವತ್ತೇ ಕೈಹಾಕಿ. ಮೊದಲು ಕರೆಂಟ್ ಆಫ್. ಕತ್ತರಿಸುವ ಮುಂಚೆ ನೀರಿನ ಗೆರೆ ಕಾಣುವ ಹಾಗೆ ಫೋಟೋ ತೆಗೆಯಿರಿ, ವಿಮೆ ಇದ್ದರೆ ಅವರಿಗೆ ಬೇಕಾಗುತ್ತದೆ.

ಕುಡಿಯುವ ನೀರಿನ ಪೈಪ್ ಒಡೆದು ಅದೇ ದಿನ ಗೊತ್ತಾಗಿದ್ದರೆ ಮಾತು ಬೇರೆ. ಸ್ಕರ್ಟಿಂಗ್ ಬಿಚ್ಚಿ, ಬುಡದಲ್ಲಿ ತೂತು ಕೊರೆದು, ಸಂದಿಗೆ ಗಾಳಿ ಹೊಡೆದು ಬೋರ್ಡ್ ಉಳಿಸಬಹುದು. ಆದರೆ ಬೂಷ್ಟು ಆಗಲೇ ಕಂಡಿದ್ದರೆ ಅದರ ಮೇಲೆ ಫ್ಯಾನ್ ತಿರುಗಿಸಬೇಡಿ, ಬೀಜಕಣ ಎಲ್ಲ ಕಡೆ ಹಾರುತ್ತದೆ.

ಪ್ರಶ್ನೆ: ಕಪ್ಪು ಬೂಷ್ಟು ವಿಷ ಅಂತಾರೆ. ಲ್ಯಾಬಿಗೆ ಕಳಿಸಿ ಯಾವ ಜಾತಿ ಅಂತ ತಿಳಿಯಬೇಕಲ್ಲವಾ?

ಉತ್ತರ: ಬೇಕಿಲ್ಲ. ಜನ ಹೆದರುವ ಸ್ಟ್ಯಾಕಿಬೊಟ್ರಿಸ್ ಕಪ್ಪಾಗಿರುವುದು ಹೌದು, ಆದರೆ ಕಪ್ಪಾಗಿ ಕಾಣುವ ಬೇರೆ ಜಾತಿಗಳು ಬೇಕಾದಷ್ಟಿವೆ. ಜಾತಿ ಯಾವುದಾದರೂ ಬೋರ್ಡ್ ತೆಗೆಯಬೇಕು, ನೀರು ನಿಲ್ಲಿಸಬೇಕು. ಆ ದುಡ್ಡನ್ನು ತೇವದ ಮೀಟರಿಗೆ ಹಾಕಿ. ವ್ಯಾಜ್ಯ ಇದ್ದರೆ ಅಥವಾ ವೈದ್ಯರೇ ಕೇಳಿದರೆ ಮಾತ್ರ ಪರೀಕ್ಷೆ ಮಾಡಿಸಿ.

ಪ್ರಶ್ನೆ: ಓಝೋನ್ ಯಂತ್ರ ಇಟ್ಟು ಒಂದೇ ದಿನದಲ್ಲಿ ಮುಗಿಸುತ್ತೇವೆ ಅಂತ ಒಬ್ಬರು ಬಂದಿದ್ದಾರೆ.

ಉತ್ತರ: ಬೇಡ ಅಂತ ಕಳಿಸಿಬಿಡಿ. ಓಝೋನ್ ಶ್ವಾಸಕೋಶಕ್ಕೆ ಹಾನಿ, ಮನುಷ್ಯರು ತಾಳುವ ಪ್ರಮಾಣದಲ್ಲಿ ಅದು ಬೂಷ್ಟಿಗೆ ಏನೂ ಮಾಡುವುದಿಲ್ಲ. ಕಾಗದದೊಳಗೆ ಬೇರೂರಿದ್ದು ಅಲ್ಲೇ ಇರುತ್ತದೆ.

ಪ್ರಶ್ನೆ: ಮಗಳಿಗೆ 6 ವರ್ಷ. ಆ ರೂಮಿನಲ್ಲಿ ಮಲಗಿದಾಗಲೆಲ್ಲ ರಾತ್ರಿ ಕೆಮ್ಮು, ಎದೆಯಲ್ಲಿ ಗೊರಗೊರ. ಗೋಡೆಗೂ ಇದಕ್ಕೂ ಸಂಬಂಧ ಇರಬಹುದಾ?

ಉತ್ತರ: ಇರಬಹುದು ಮೇಡಂ. ತೇವ, ಬೂಷ್ಟು ಇರುವ ಮನೆಗಳಲ್ಲಿ ಉಸಿರಾಟದ ತೊಂದರೆ, ಆಸ್ತಮಾ ಹೆಚ್ಚು ಅಂತ ವಿಶ್ವ ಆರೋಗ್ಯ ಸಂಸ್ಥೆ 2009ರ ತನ್ನ ಮಾರ್ಗಸೂಚಿಯಲ್ಲೇ ಹೇಳಿದೆ. ಮಗುವಿನ ವಿಷಯದಲ್ಲಿ ತೀರ್ಮಾನ ವೈದ್ಯರದ್ದು. ಗೋಡೆಗೆ ಬೂಷ್ಟು ಇದೆ ಅಂತ ಅವರಿಗೆ ಬಾಯಿಬಿಟ್ಟು ಹೇಳಿ, ಎಷ್ಟೋ ಜನ ಹೇಳುವುದೇ ಇಲ್ಲ. ಇವತ್ತು ರಾತ್ರಿಯಿಂದಲೇ ಹಾಸಿಗೆ ಬೇರೆ ರೂಮಿಗೆ ಹಾಕಿ. ಗೋಡೆ ಕತ್ತರಿಸುವ ದಿನ ಮಗು ಮನೆಯಲ್ಲೇ ಇರಬಾರದು.

ಪ್ರಶ್ನೆ: ಎಲ್ಲ ತೆಗೆದು ಒಣಗಿಸಿ ಆಯಿತು ಸರ್. ಈಗ ಹಸಿರು ಬೋರ್ಡ್ ಹಾಕಿದರೆ ಮತ್ತೆ ಬರುವುದಿಲ್ಲ ತಾನೇ?

ಉತ್ತರ: ಹಸಿರು ಬೋರ್ಡ್ ಅಂದರೆ ಹಸಿರು ಕಾಗದದ ಜಿಪ್ಸಂ ಬೋರ್ಡೇ. ಅದು ತೇವವನ್ನು ಸ್ವಲ್ಪ ತಾಳುತ್ತದೆ ಅಷ್ಟೇ, ನೀರನ್ನಲ್ಲ. ಶವರ್ ನೀರು ಬೀಳುವ ಟೈಲ್ಸ್ ಹಿಂದೆ ಸಿಮೆಂಟ್ ಬೋರ್ಡ್ ಹಾಕಿ, ಅದರ ಮೇಲೆ ವಾಟರ್‌ಪ್ರೂಫಿಂಗ್ ಕೋಟ್ ಕೊಡಿ. ಒಣ ರೂಮಿನ ಕಡೆಗೆ ಕಾಗದದ ಬದಲು ಗಾಜಿನ ನಾರಿನ ಹೊದಿಕೆ ಇರುವ ಬೋರ್ಡ್ ಸಿಕ್ಕರೆ ಒಳ್ಳೆಯದು, ಬೂಷ್ಟಿಗೆ ತಿನ್ನಲು ಕಾಗದವೇ ಇರುವುದಿಲ್ಲ. ಯಾವ ಬೋರ್ಡಾದರೂ ನೆಲಕ್ಕೆ ತಾಗಿಸಬೇಡಿ. ಅಡಿಯಲ್ಲಿ 12 ಮಿ.ಮೀ. ಸಂದಿ ಬಿಡಿ, ಸ್ಕರ್ಟಿಂಗ್ ಅದನ್ನು ಮುಚ್ಚುತ್ತದೆ. ನೆಲ ಒರೆಸಿದ ನೀರು ಮೇಲೇರುವುದು ಇಷ್ಟರಿಂದಲೇ ನಿಲ್ಲುತ್ತದೆ.

ಎಕ್ಸಾಸ್ಟ್ ಫ್ಯಾನಿನ ಪೈಪ್ ಕಟ್ಟಡದ ಆಚೆಗೇ ಹೋಗಿದೆಯಾ ಅಂತ ಹತ್ತಿ ನೋಡಿ. ಫಾಲ್ಸ್ ಸೀಲಿಂಗ್ ಒಳಗೇ ಬಿಟ್ಟಿರುವುದನ್ನು ನಾನು ಬಹಳ ಕಡೆ ಕಂಡಿದ್ದೇನೆ. ರೂಮಿನಲ್ಲಿ ಒಂದು ಆರ್ದ್ರತೆ ಮೀಟರ್ ಇಡಿ, 60 ಶೇಕಡಾ ದಾಟಬಾರದು, 30ರಿಂದ 50ರ ನಡುವೆ ಇದ್ದರೆ ಉತ್ತಮ. ಕಪಾಟನ್ನು ಹೊರಗೋಡೆಗೆ ಒತ್ತಿ ಇಡದೆ ಗಾಳಿ ಆಡಲು ಬಿಡಿ.

ಬೋರ್ಡ್ ಮುಚ್ಚುವ ಮುಂಚೆ ತೇವದ ಮೀಟರನ್ನು ಸ್ಟಡ್‌ಗೆ ಚುಚ್ಚಿ, ಅಂಕಿ ಕಾಣುವ ಹಾಗೆ ಫೋಟೋ ತೆಗೆದು ಇಲ್ಲಿ ಹಾಕಿ. ನೋಡಿ ಹೇಳುತ್ತೇನೆ, ಆಮೇಲೆ ಸ್ಕ್ರೂ ಹೊಡೆಯಿರಿ.