ಓಸೊಗ್ಬೊಗೆ ಹೊರಟಿದ್ದೇನೆ, ಯೊರುಬಾ ದೇವರ ಬಗ್ಗೆ ಹೇಗೆ ಬರೆಯಲಿ?

ನೀರಂಚು:
ಎಲ್ಲರಿಗೂ ನಮಸ್ಕಾರ. ಕೆಲಸದ ಮೇಲೆ ನೈಜೀರಿಯಾದ ಲೇಗೋಸ್‌ಗೆ ಬಂದು ಐದು ತಿಂಗಳಾಯಿತು. ಆಗೊಮ್ಮೆ ಈಗೊಮ್ಮೆ ಕನ್ನಡದಲ್ಲಿ ಪ್ರವಾಸದ ಲೇಖನ ಬರೆಯುತ್ತೇನೆ. ಆಗಸ್ಟ್‌ನಲ್ಲಿ ಓಸೊಗ್ಬೊ ಊರಿನ ನದಿ ದೇವಿ ಓಶುನ್ ಜಾತ್ರೆ ನೋಡಿ, ಇಲ್ಲಿನ ಯೊರುಬಾ ಜನರ ಹಳೆಯ ನಂಬಿಕೆಗಳ ಬಗ್ಗೆ ಉದ್ದಕ್ಕೆ ಬರೆಯಬೇಕು ಅಂತ ಆಸೆ. ಆದರೆ ಬರೆಯಲು ಕೂತರೆ ಕೈ ಓಡುತ್ತಿಲ್ಲ. ಆಫೀಸಿನಲ್ಲಿ ಯಾರನ್ನು ಕೇಳಿದರೂ, ಚರ್ಚಿಗೆ ಹೋಗುವವರಾಗಲಿ ಮಸೀದಿಗೆ ಹೋಗುವವರಾಗಲಿ, "ಅದೆಲ್ಲ ಅಜ್ಜನ ಕಾಲದ್ದು" ಅಂತ ಮಾತು ತಿರುಗಿಸುತ್ತಾರೆ. ಹಾಗಂದ ಗೆಳೆಯನೇ ಹೊಸ ಕಾರು ತಂದ ದಿನ ಊರಿನ ಚಿಕ್ಕಪ್ಪನಿಗೆ ಫೋನ್ ಮಾಡಿ, ಕಬ್ಬಿಣದ ದೇವರು ಓಗುನ್‌ಗೆ ಏನು ಸಲ್ಲಬೇಕೋ ಅದನ್ನು ಸಲ್ಲಿಸಿ ಬಂದ. ನಾನು ತಕ್ಷಣ "ನಮ್ಮ ಆಯುಧ ಪೂಜೆ ಇದ್ದಂತೆ" ಅಂತ ಬರೆದುಕೊಂಡೆ, ಆಮೇಲೆ ಹೊಡೆದು ಹಾಕಿದೆ. ಹಾಗೆ ಬರೆಯುವುದು ಸರಿಯಾ?

ಇಬಾದಾನ್ ಹಳಬ:
ಹನ್ನೊಂದು ವರ್ಷ ನೈಜೀರಿಯಾದ ಇಬಾದಾನ್‌ನಲ್ಲಿ ಇದ್ದವನು ನಾನು. ಜಾತ್ರೆಗೆ ಹೋಗಿ, ಖಂಡಿತ ಹೋಗಿ. ಹರಕೆಯ ಸೋರೆಬುರುಡೆಯನ್ನು ತಲೆಯ ಮೇಲೆ ಹೊತ್ತು ಅರುಗ್ಬಾ ಹುಡುಗಿ ನದಿಯ ಕಡೆ ನಡೆಯುವಾಗ ಆ ಜನಸಾಗರ ನೋಡಲೇಬೇಕು. ಆದರೆ ಅದಕ್ಕೆ ಮೊದಲು ಯಾವುದಾದರೂ ಸಾಮಾನ್ಯ ದಿನ ಒಬ್ಬರೇ ಹೋಗಿ ಬನ್ನಿ. ಓಶುನ್ ದೇವಿಯ ಕಾಡು ಸುಮಾರು 75 ಹೆಕ್ಟೇರ್, ಊರಿನ ಅಂಚಿನಲ್ಲೇ ಇದೆ. ಹಿಂದೆ ಇಲ್ಲಿ ನೆಲೆಸಲು ಬಂದವರು ಮರ ಕಡಿದಾಗ ಅದು ನದಿಗೆ ಬಿತ್ತಂತೆ, ಒಳಗಿಂದ "ನನ್ನ ಬಣ್ಣದ ಮಡಕೆಗಳನ್ನೆಲ್ಲ ಒಡೆದು ಹಾಕಿದಿರಲ್ಲ!" ಅಂತ ಕೂಗು ಬಂತಂತೆ. ಅವಳೇ ಓಶುನ್. ನೀಲಿ ಬಣ್ಣ ಅದ್ದುವ ಹೆಂಗಸಿನ ಸಿಟ್ಟು ಅದು. ದೇವಿಯನ್ನು ಮೊದಲು ಕೆಲಸ ಮಾಡುವ ಹೆಂಗಸಾಗಿ ಕಂಡ ಆ ಜನರ ಮೇಲೆ ನನಗೆ ತುಂಬಾ ಪ್ರೀತಿ.

ಆ ಕಾಡು ಇವತ್ತು ಉಳಿದಿದ್ದರಲ್ಲಿ ಸುಸಾನ್ ವೆಂಗರ್ ಅವರ ಪಾಲು ದೊಡ್ಡದು. ಆಸ್ಟ್ರಿಯಾದ ಕಲಾವಿದೆ, 1950ರಲ್ಲಿ ನೈಜೀರಿಯಾಕ್ಕೆ ಬಂದವರು, ಇಲ್ಲಿನ ದೇವರುಗಳಿಗೇ ದೀಕ್ಷೆ ಪಡೆದು 2009ರಲ್ಲಿ ಸಾಯುವವರೆಗೂ ಇಲ್ಲೇ ಉಳಿದರು. ಊರಿನ ಗಾರೆ ಕೆಲಸದವರು, ಬಡಗಿಗಳ ಜೊತೆ ಸೇರಿ ಸಿಮೆಂಟಿನ ದೊಡ್ಡ ದೊಡ್ಡ ಮೂರ್ತಿಗಳನ್ನು ಮಾಡಿದರು. ಕಡಿಯುವವರ ವಿರುದ್ಧ ನಿಂತರು. 2005ರಲ್ಲಿ ಆ ಕಾಡು ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ನದಿಯ ಸ್ಥಿತಿ ಮಾತ್ರ ಹೊಟ್ಟೆ ಉರಿಸುತ್ತದೆ. ಮೇಲ್ಗಡೆ ಚಿನ್ನ ಅಗೆಯುವವರಿಂದ ನೀರು ಕೆಂಪು ಮಣ್ಣಿನ ಬಣ್ಣಕ್ಕೆ ತಿರುಗಿದೆ. ಜನ ತಾಯಿಯ ನೀರು ಅಂತ ಬಾಟಲಿಯಲ್ಲಿ ತುಂಬಿಕೊಳ್ಳುತ್ತಾರೆ. ಲೇಖನದಲ್ಲಿ ಇದು ಬರಲೇಬೇಕು.

ಆಗುವುದಾದರೆ ಇಫಾ, ಅಂದರೆ ಯೊರುಬಾ ಜನರ ಕಣಿ, ಕೇಳುವುದನ್ನೂ ನೋಡಿ. ಕೇಳಲು ಬಂದವರು ಪ್ರಶ್ನೆಯನ್ನು ಕಣಿ ಹೇಳುವ ಬಾಬಲಾವೊಗೆ ಹೇಳುವುದಿಲ್ಲ, ಕಾಣಿಕೆಯ ದುಡ್ಡನ್ನು ಬಾಯಿ ಹತ್ತಿರ ಹಿಡಿದು ಅದಕ್ಕೆ ಪಿಸುಗುಡುತ್ತಾರೆ. ಬಾಬಲಾವೊ ಹದಿನಾರು ತಾಳೆ ಬೀಜಗಳನ್ನು ಒಂದು ಕೈಯಿಂದ ಬಾಚಿಕೊಳ್ಳುತ್ತಾರೆ. ಇನ್ನೊಂದು ಕೈಯಲ್ಲಿ ಒಂದು ಉಳಿದರೆ ಹಲಗೆಯ ಪುಡಿಯಲ್ಲಿ ಎರಡು ಗೀರು, ಎರಡು ಉಳಿದರೆ ಒಂದು ಗೀರು. ಹೀಗೆ ಎಂಟು ಸಲ ಆದಾಗ 256 ಓದುಗಳಲ್ಲಿ ಒಂದು ಸಿಗುತ್ತದೆ. (ಓದು ಅಂದರೆ ನಮ್ಮ ಓದು ಅಲ್ಲ, ಯೊರುಬಾ ಪದ, ಪದ್ಯಗಳ ಒಂದೊಂದು ಗುಂಪಿನ ಹೆಸರು.) ಆಮೇಲೆ ಆ ಓದುವಿನ ಪದ್ಯಗಳನ್ನು ಬಾಯಿಪಾಠದಿಂದ ಹೇಳುತ್ತಾ ಹೋಗುತ್ತಾರೆ, ತನಗೆ ಹೊಂದುವ ಪದ್ಯ ಯಾವುದು ಅಂತ ಗುರುತಿಸಬೇಕಾದವರು ಕೇಳಲು ಬಂದವರೇ. ಇದನ್ನು ಒಂದು ಸಲ ನೋಡಿದ ಮೇಲೆ "ಮಾಟ ಮಂತ್ರ" ಅನ್ನುವ ಮಾತು ನನ್ನ ಬಾಯಿಂದ ಮತ್ತೆ ಬರಲಿಲ್ಲ.

ಕಡಲತಡಿ:
ನಾನು ಉಡುಪಿಯವಳು, ಆಫ್ರಿಕಾ ನೋಡಿಲ್ಲ. ಆದರೂ ಒಂದು ಮಾತು ಹೇಳುತ್ತೇನೆ. 1890ರ ದಶಕದಲ್ಲಿ ನಮ್ಮ ಭೂತಾರಾಧನೆಯ ಹಾಡುಗತೆಗಳಾದ ಪಾಡ್ದನಗಳು ಇಂಗ್ಲಿಷಿನಲ್ಲಿ ಅಚ್ಚಾದಾಗ ಇಂಗ್ಲಿಷ್ ಅಧಿಕಾರಿ ಬರ್ನೆಲ್ ಅವರ ಆ ಬರಹದ ತಲೆಬರಹವೇ "ತುಳುವರ ಸೈತಾನ ಪೂಜೆ" ಅಂತ ಇತ್ತು. ಆ ಮನುಷ್ಯ ಶ್ರಮಪಟ್ಟು ಸಂಗ್ರಹಿಸಿದ್ದು ನಿಜ, ಅದರಿಂದ ನಮಗೆ ಉಪಕಾರವೂ ಆಗಿದೆ. ಆದರೆ ನಮ್ಮ ಮನೆಯ ದೈವ ಕಲ್ಕುಡನನ್ನು ಸೈತಾನ ಅಂದದ್ದು ಇವತ್ತಿಗೂ ಚುಚ್ಚುತ್ತದೆ. ನಿಮ್ಮ ಲೇಖನವನ್ನು ಮುಂದೆ ಒಬ್ಬ ಯೊರುಬಾ ಹುಡುಗಿ ಯಾರಿಂದಲೋ ಓದಿಸಿಕೊಂಡರೆ ಅವಳಿಗೆ ಹಾಗೆ ಆಗಬಾರದು, ಅಲ್ವಾ? ಹೋಲಿಕೆ ಕೊಡಿ, ಬೇಡ ಅನ್ನುವುದಿಲ್ಲ. ಆದರೆ ಮೊದಲು ಅವರ ದೇವರ ಹೆಸರು, ಅವರ ಮಾತು. ಆಯುಧ ಪೂಜೆ ಆಮೇಲೆ ಬರಲಿ.

ಹಳೇ ಕ್ಯಾಲೆಂಡರ್:
ಹೋಲಿಕೆಗಿಂತ ನಿಜವಾದ ನಂಟೇ ಇದೆ, ಇದನ್ನು ಬಿಡಬೇಡಿ. 1880ರ ದಶಕದಲ್ಲಿ ಹ್ಯಾಂಬರ್ಗ್‌ನಲ್ಲಿ ಹಾವಾಡಿಸುವ ಹೆಂಗಸಿನ ಒಂದು ಬಣ್ಣದ ಚಿತ್ರ ಅಚ್ಚಾಯಿತು. ಉದ್ದ ಕೂದಲು, ಮೈಮೇಲೆ ಹಾವು. ಅದು ಪಶ್ಚಿಮ ಆಫ್ರಿಕಾ ತಲುಪಿ ನೀರಿನ ದೇವತೆ ಮಾಮಿ ವಾಟಾಳ ಚಿತ್ರವಾಯಿತು. 1955ರಲ್ಲಿ ಘಾನಾದ ಕುಮಾಸಿಯ ವ್ಯಾಪಾರಿಗಳು ಅದನ್ನು ಬೊಂಬಾಯಿಗೆ ಕಳಿಸಿ, ಶ್ರೀರಾಮ್ ಕ್ಯಾಲೆಂಡರ್ ಕಂಪನಿಯಲ್ಲಿ 12,000 ಪ್ರತಿ ಅಚ್ಚು ಹಾಕಿಸಿಕೊಂಡರು. ನಮ್ಮ ದೇವರ ಪಟಗಳೂ ಆ ಕಡೆ ಹೋಗಿ, ಟೋಗೊ, ಬೆನಿನ್ ಸೀಮೆಯಲ್ಲಿ ಮೂರು ತಲೆಯ ದತ್ತಾತ್ರೇಯ ಡೆನ್ಸು ಅನ್ನುವ ದೇವರಾಗಿ ಪೂಜೆ ಪಡೆಯುತ್ತಿದ್ದಾನೆ. ಪಟ ನಮ್ಮದು, ದೇವರು ಅವರದು. ಬಿಡುವಿದ್ದರೆ ಬೆನಿನ್‌ನ ವೀಡಾಕ್ಕೂ ಹೋಗಿ. ಹೆಬ್ಬಾವಿನ ಗುಡಿಯ ಎದುರಿಗೇ ದೊಡ್ಡ ಚರ್ಚಿದೆ. ಜನವರಿಯಲ್ಲಿ ಅಲ್ಲಿನ ಹಳೆಯ ನಂಬಿಕೆಯಾದ ವೊದುನ್‌ನ ಹಬ್ಬ, ಸರ್ಕಾರಿ ರಜೆ.

ನೀರಂಚು:
ಕಡಲತಡಿ ಮೇಡಂ, ನಿಮ್ಮ ಮಾತು ಎದೆಗೆ ತಾಗಿತು. ಮೊದಲ ಪುಟ ಪೂರ್ತಿ ತೆಗೆದುಬಿಟ್ಟೆ. ಮುಂದಿನ ತಿಂಗಳು ಒಂದು ಸಾಮಾನ್ಯ ದಿನ ನೋಡಿ ಹೊರಡುತ್ತೇನೆ, ಕ್ಯಾಮೆರಾ ಬಿಟ್ಟು. ಇಬಾದಾನ್ ಸರ್, ಬರಿಗೈಯಲ್ಲಿ ಹೋದರೆ ಚೆನ್ನಾಗಿರುವುದಿಲ್ಲ, ಹಿರಿಯರಿಗೆ ಏನು ಒಯ್ಯಲಿ?

ಇಬಾದಾನ್ ಹಳಬ:
ಕೋಲಾ ಬೀಜ. ಎರಡು ಹೋಳಿನದು ಬೇಡ, ನಾಲ್ಕು ಹೋಳಿನ ಓಬಿ ಅಬಾಟಾ ಅಂತಲೇ ಕೇಳಿ ತಗೊಳ್ಳಿ. ಎರಡೂ ಕೈಯಲ್ಲಿ ಕೊಡಿ, ಬಗ್ಗಿ ನಮಸ್ಕಾರ ಮಾಡಿ. ಅವರಾಗಿ ಕೂರಿಸಿಕೊಂಡು ಮಾತಾಡುವವರೆಗೆ ಏನೂ ಕೇಳಬೇಡಿ.