ಭಾರದ ಆರ್ಡರ್ ಬಂದರೆ ಕಳಿಸೋದು ಹೇಗೆ? ಕಳಿಸಿ ಅಭ್ಯಾಸ ಇರೋರು ಹೇಳಿ

ಪ್ರಶ್ನೆ (ಮರಗೆಲಸದವರು, ಮೈಸೂರು)

ಹೆಬ್ಬಾಳ ಕೈಗಾರಿಕಾ ಪ್ರದೇಶದ ಹತ್ತಿರ ನಮ್ಮದೊಂದು ಚಿಕ್ಕ ಶೆಡ್. ತೇಗದ ಉಯ್ಯಾಲೆ, ದಿವಾನ, ಜೊತೆಗೆ ಪರಿಚಯದ ಕಲ್ಲುಕುಟಿಗರ ಕೈಲಿ ಮಾಡಿಸಿದ ಒಳಕಲ್ಲು, ಇಷ್ಟನ್ನು ಆನ್‌ಲೈನ್ ಅಂಗಡಿಗೆ ಹಾಕಿದ್ದೇವೆ. ಊರೊಳಗಿನ ಆರ್ಡರ್ ಆದರೆ ಟಾಟಾ ಏಸ್ ಕರೆಸಿ ನಾವೇ ಇಳಿಸಿ ಬರ್ತೀವಿ. ಈಗ ಹುಬ್ಬಳ್ಳಿ, ಪುಣೆ, ಕೋಯಿಕ್ಕೋಡ್‌ನಿಂದ ಕೇಳ್ತಿದ್ದಾರೆ. ಮಾಮೂಲಿ ಕೊರಿಯರ್‌ನವರು ಅಳತೆ ಕೇಳಿದ ತಕ್ಷಣ ಕೈ ಎತ್ತಿಬಿಡ್ತಾರೆ. ಸಾಗಣೆ ದರ ಹೇಗೆ ಲೆಕ್ಕ ಹಾಕೋದು? ‘ಫ್ರೀ ಡೆಲಿವರಿ’ ಅಂತ ಹಾಕಿ ಬೆಲೆಯಲ್ಲೇ ಸೇರಿಸಿಬಿಡೋದಾ? ಒಡೆದರೆ ಯಾರ ತಲೆಗೆ?

ಮರದ ಗಾಣ ಮಾರುವವರು, ಮಂಡ್ಯ

ದರದ ವಿಷಯ ಆಮೇಲೆ. ಮೊದಲು ಇದಕ್ಕೆ ಉತ್ತರ ಹುಡುಕಿಕೊಳ್ಳಿ: ಅಲ್ಲಿ ಇಳಿಸೋರು ಯಾರು?

ನಾವು ಕಳಿಸೋದು ಮೋಟಾರ್ ಕೂರಿಸಿದ ಎಣ್ಣೆ ಗಾಣ. ನಾಲ್ಕು ಆಳು ಸೇರಿದರೂ ಅಲುಗಿಸೋದು ಕಷ್ಟ. ಅದು ರಸ್ತೆ ಮೇಲೆ ನೂರಾರು ಕಿಲೋಮೀಟರ್ ತಕರಾರಿಲ್ಲದೆ ಹೋಗುತ್ತೆ. ಜಗಳ ಶುರುವಾಗೋದು ಗಿರಾಕಿ ಮನೆ ಗೇಟಿನ ಹತ್ತಿರ. ಡ್ರೈವರ್ ಗಾಡಿ ನಿಲ್ಲಿಸಿ ಇಳಿಸ್ಕೊಳ್ಳಿ ಅಂತಾನೆ. ಗಿರಾಕಿ, ಮನೆವರೆಗೂ ಅಂತ ದುಡ್ಡು ಕಟ್ಟಿದ್ದೀನಿ, ಮಹಡಿಗೆ ತನ್ನಿ ಅಂತಾರೆ. ಇಬ್ಬರ ಮಾತೂ ಅವರವರ ಮಟ್ಟಿಗೆ ಸರಿ. ಟ್ರಾನ್ಸ್‌ಪೋರ್ಟ್‌ನವರ ಕೆಲಸ ಸಾಮಾನ್ಯವಾಗಿ ಗಾಡಿ ನಿಲ್ಲೋ ಜಾಗಕ್ಕೆ ಮುಗೀತದೆ, ಹಮಾಲಿ ಬೇರೆ. ಅದನ್ನು ಗಿರಾಕಿಗೆ ಮುಂಚೆ ಹೇಳಬೇಕಾದವರು ಡ್ರೈವರ್ ಅಲ್ಲ, ನಾವು.

ಅದಕ್ಕೇ ನಾವು ದುಡ್ಡು ತಗೊಳ್ಳೋ ಮುಂಚೆ ಫೋನ್ ಮಾಡ್ತೀವಿ. ಎಷ್ಟನೇ ಮಹಡಿ, ಲಿಫ್ಟ್ ಇದೆಯಾ, ಬಾಗಿಲ ಅಗಲ ಎಷ್ಟು, ಬೀದಿಗೆ ಲಾರಿ ಬರುತ್ತಾ ಇಲ್ಲ ಗೂಡ್ಸ್ ಆಟೋ ಮಾತ್ರವಾ. ಬಾಯಲ್ಲಿ ಕೇಳಿದರೆ ಎಲ್ಲರೂ ‘ಬರುತ್ತೆ ಬರುತ್ತೆ’ ಅಂತಲೇ ಹೇಳೋದು. ಆದ್ದರಿಂದ ಗೇಟಿನ ಮುಂದೆ ನಿಂತು ಬೀದಿ ಕಡೆಗೊಂದು, ಬೀದಿಯಲ್ಲಿ ನಿಂತು ಗೇಟಿನ ಕಡೆಗೊಂದು ಫೋಟೊ ಹೊಡೆದು ಕಳಿಸಿ ಅಂತೀವಿ. ಒಂದು ಸಲ ಹಾಗೆ ಬಂದ ಫೋಟೊದಲ್ಲಿ ರಸ್ತೆ ಚೆನ್ನಾಗೇ ಇತ್ತು, ಗೇಟೂ ಅಗಲ. ಆದರೆ ಗೇಟಿಗೂ ರಸ್ತೆಗೂ ನಡುವೆ ಚರಂಡಿ, ಅದರ ಮೇಲೆ ಹಾಸಿದ ಕಡಪ ಕಲ್ಲು ಮೂಲೆಯಲ್ಲಿ ಸೀಳಿತ್ತು. ಮನುಷ್ಯರು, ಸ್ಕೂಟರ್ ಓಡಾಡೋಕೆ ಏನೂ ತೊಂದರೆ ಇಲ್ಲ. ಗಾಣ ಇಟ್ಟ ಟ್ರಾಲಿಯ ಚಕ್ರ ಅದರ ಮೇಲೆ ಬಂದಿದ್ದರೆ ಕಲ್ಲೂ ಹೋಗ್ತಿತ್ತು, ಗಾಣವೂ ಹೋಗ್ತಿತ್ತು. ಎರಡು ದಪ್ಪ ಹಲಗೆ ತರಿಸಿ ಇಟ್ಟಿರಿ ಅಂತ ಗಿರಾಕಿಗೆ ಹೇಳಿದ್ವಿ, ಇಟ್ಟಿದ್ದರು, ಮುಗೀತು.

ಇನ್ನೊಂದು. ಗೋಡೌನ್ ಡೆಲಿವರಿ, ಗೇಟ್‌ವರೆಗೆ, ಮನೆಯೊಳಗೆ, ಈ ಮೂರನ್ನೂ ಬೇರೆ ಬೇರೆ ದರವಾಗಿ ತೋರಿಸಿ. ಹಳ್ಳಿ ಕಡೆಯ ಗಿರಾಕಿಗಳು ಬಹಳ ಜನ ಟ್ರಾಕ್ಟರ್ ತಗೊಂಡು ತಾವೇ ಟ್ರಾನ್ಸ್‌ಪೋರ್ಟ್ ಗೋಡೌನ್‌ಗೆ ಬರ್ತಾರೆ. ಅವರಿಗೆ ಮನೆ ಡೆಲಿವರಿ ದರ ಹಾಕಿ ಆರ್ಡರ್ ಯಾಕೆ ಕಳ್ಕೋತೀರಿ?

ಪೀಠೋಪಕರಣ ಅಂಗಡಿ, ಮೈಸೂರು

ಲೆಕ್ಕದ ಬಗ್ಗೆ ನಾನು ಹೇಳ್ತೀನಿ. ನಿಮ್ಮ ಉಯ್ಯಾಲೆಗೆ ತಕ್ಕಡಿ ತೂಕ ಬೇರೆ, ಬಿಲ್ಲಿನ ತೂಕ ಬೇರೆ. ಟ್ರಾನ್ಸ್‌ಪೋರ್ಟ್‌ನವರು ಘನ ಅಡಿ ಲೆಕ್ಕ ಹಾಕ್ತಾರೆ: ಉದ್ದ, ಅಗಲ, ಎತ್ತರ ಇಂಚಿನಲ್ಲಿ ಗುಣಿಸಿ 1728ರಿಂದ ಭಾಗಿಸಿ. ಬಂದದ್ದಕ್ಕೆ ಒಂದು ಘನ ಅಡಿಗೆ ಇಷ್ಟು ಕೆಜಿ ಅಂತ ಗುಣಿಸ್ತಾರೆ. ಅದು 6, 8, 10 ಹೀಗೆ ಕಂಪನಿಯಿಂದ ಕಂಪನಿಗೆ ಬೇರೆ, ಮಾತಾಡಿದರೆ ಇಳಿಯುತ್ತೆ. ಕೊರಿಯರ್‌ನವರಾದರೆ ಸೆಂಟಿಮೀಟರ್‌ನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸ್ತಾರೆ, ಅಂದರೆ ಘನ ಅಡಿಗೆ ಸುಮಾರು 5.7 ಕೆಜಿ. ತಕ್ಕಡಿ ತೂಕ, ಅಳತೆ ತೂಕ ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದುಡ್ಡು.

ಉದಾಹರಣೆಗೆ ಆರಡಿ ಉದ್ದ, ಎರಡಡಿ ಅಗಲ, ಎರಡಿಂಚು ದಪ್ಪದ ತೇಗದ ಮಣೆ. ಸುಮಾರು 35ರಿಂದ 40 ಕೆಜಿ ಇರುತ್ತೆ. ಹಿತ್ತಾಳೆ ಸರಪಳಿಯನ್ನು ಮಣೆ ಮೇಲೇ ಇಟ್ಟು ಒಂದೇ ಕ್ರೇಟ್ ಹೊಡೆದರೆ ಎತ್ತರ ಎಂಟಿಂಚು ಆಗುತ್ತೆ. ಕ್ರೇಟಿನ ಹೊರ ಅಳತೆ 76 ಗುಣಿಸು 28 ಗುಣಿಸು 8 ಇಂಚು, ಭಾಗಿಸು 1728, ಹತ್ತಿರ ಹತ್ತಿರ ಹತ್ತು ಘನ ಅಡಿ. ಘನ ಅಡಿಗೆ 10 ಕೆಜಿ ಹಿಡಿದರೆ ಬಿಲ್ಲು 98 ಕೆಜಿಗೆ! ಅದೇ ಸರಪಳಿಯನ್ನು ಬೇರೆ ಚಿಕ್ಕ ಪೆಟ್ಟಿಗೆಗೆ ಹಾಕಿ, ಮಣೆಯ ಕ್ರೇಟನ್ನು ನಾಲ್ಕಿಂಚಿಗೆ ಇಳಿಸಿದರೆ ಕ್ರೇಟಿನ ಲೆಕ್ಕ 49 ಕೆಜಿಗೆ ಬಂತು. ಅಂದರೆ ಗಾಳಿಗೆ ಬಾಡಿಗೆ ಕಟ್ಟೋದು ನಿಂತಿತು. ಎರಡು ಪೆಟ್ಟಿಗೆಗೂ ಒಂದೇ ಬಿಲ್ಟಿ (ಲಾರಿ ರಸೀದಿ) ಮಾಡಿಸಿ, ‘2ರಲ್ಲಿ 1’, ‘2ರಲ್ಲಿ 2’ ಅಂತ ದಪ್ಪಗೆ ಬರೀರಿ. ಇಲ್ಲದಿದ್ದರೆ ಚಿಕ್ಕದು ಎಲ್ಲೋ ಮೂಲೆ ಸೇರಿಕೊಳ್ಳುತ್ತೆ.

ದಿವಾನವನ್ನು ಜೋಡಿಸಿ ಕಳಿಸೋ ಆಸೆ ಬಿಡಿ. ಕಾಲು, ಬೆನ್ನು ಬಿಚ್ಚುವ ಹಾಗೆ ಬೋಲ್ಟ್ ಕೊಟ್ಟು ವಿನ್ಯಾಸ ಬದಲಿಸಿ.

ಪಾಲಿಶ್ ಆದ ಮರಕ್ಕೆ ನೇರವಾಗಿ ಬಬಲ್ ಶೀಟ್ ಸುತ್ತಬೇಡಿ. ಬಿಸಿಲಲ್ಲಿ ನಿಂತ ಲಾರಿಯೊಳಗೆ ಆ ಗುಳ್ಳೆಗಳ ಅಚ್ಚು ಪಾಲಿಶ್ ಮೇಲೆ ಮೂಡುತ್ತೆ, ಉಜ್ಜಿದರೂ ಹೋಗಲ್ಲ. ಮೊದಲು ತೆಳು ಫೋಮ್ ಶೀಟ್, ಅದರ ಮೇಲೆ ಏನು ಬೇಕಾದರೂ ಸುತ್ತಿ. ಕ್ರೇಟಿನ ಅಡಿಗೆ ನಾಲ್ಕಿಂಚಿನ ಕಾಲು ಕೊಡಿ, ಪ್ಯಾಲೆಟ್ ಟ್ರಾಲಿಯ ನಾಲಿಗೆ ಒಳಗೆ ಹೋಗಬೇಕು. ನಾಲಿಗೆ ಹೋಗದಿದ್ದರೆ ಹಬ್‌ನಲ್ಲಿ (ಮಾಲು ಗಾಡಿ ಬದಲಿಸೋ ಗೋಡೌನ್) ಹುಡುಗರು ಅದನ್ನು ಉರುಳಿಸ್ತಾರೆ, ಬೇರೆ ದಾರಿ ಇಲ್ಲ ಅವರಿಗೂ. ಕಾಲು ಕೊಟ್ಟರೆ ಅಳತೆ ತೂಕ ಮತ್ತೆ ಏರುತ್ತಲ್ಲ ಅಂತೀರಾ? ಏರುತ್ತೆ. ಉಯ್ಯಾಲೆ ಮಣೆಗೆ ಬೇಡ, ಇಬ್ಬರು ಎತ್ತಬಹುದು. ಕಲ್ಲಿಗೆ ಬೇಕೇ ಬೇಕು.

ಟ್ರಾನ್ಸ್‌ಪೋರ್ಟ್ ಬುಕಿಂಗ್ ಕಚೇರಿಯಲ್ಲಿ ಕೆಲಸ, ಬನ್ನಿಮಂಟಪದ ಕಡೆ

ಕೌಂಟರ್‌ನ ಈ ಕಡೆಯಿಂದ ಒಂದೆರಡು ಮಾತು.

ಬಿಲ್ಟಿಯಲ್ಲಿ ‘ಓನರ್ಸ್ ರಿಸ್ಕ್’ (ಹಾಳಾದರೆ ಹೊಣೆ ಮಾಲಿನವರದ್ದು) ಅಂತ ಸೀಲ್ ಬಿದ್ದಿರೋದನ್ನು ಬಹಳ ಜನ ನೋಡೋದೇ ಇಲ್ಲ. 2007ರ ರಸ್ತೆ ಸಾಗಣೆ ಕಾಯ್ದೆ, ಅದರ 2011ರ ನಿಯಮಗಳ ಪ್ರಕಾರ ನೀವು ಹೆಚ್ಚಿನ ರಿಸ್ಕ್ ದರ ಕಟ್ಟದಿದ್ದರೆ ಸಾಗಣೆದಾರನ ಹೊಣೆಗೆ ಮಿತಿ ಇದೆ: ಬಾಡಿಗೆಯ ಹತ್ತು ಪಟ್ಟು, ಅದೂ ನೀವು ಬರೆಸಿದ ಮಾಲಿನ ಬೆಲೆ ಮೀರದಂತೆ. ಎರಡು ಸಾವಿರ ಬಾಡಿಗೆಯ ಮೇಲೆ 60 ಸಾವಿರದ ಉಯ್ಯಾಲೆ ಹೋದರೆ ನಿಮಗೆ ದಕ್ಕೋದು ಹೆಚ್ಚೆಂದರೆ 20 ಸಾವಿರ. ಟ್ಯಾಕ್ಸ್ ಉಳಿಸೋಕೆ ಬೆಲೆ ಕಡಿಮೆ ಬರೆಸಿದ್ದರೆ ಇನ್ನೂ ಕಡಿಮೆ. ಕೋರ್ಟಿಗೆ ಹೋಗೋದಿದ್ದರೆ ಅದಕ್ಕೂ ಮುಂಚೆ, ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸ್ ಕೊಟ್ಟಿರಬೇಕು. ವಾಟ್ಸಾಪ್‌ನಲ್ಲಿ ಬೈದಿದ್ದನ್ನೆಲ್ಲ ನಂಬಿಕೊಂಡು ಕೂರಬೇಡಿ.

ಇ-ವೇ ಬಿಲ್ (ಮಾಲು ಸಾಗಿಸೋಕೆ ಜಿಎಸ್‌ಟಿ ಲೆಕ್ಕದ ಆನ್‌ಲೈನ್ ಚೀಟಿ): ಮಾಲಿನ ಬೆಲೆ ತೆರಿಗೆ ಸೇರಿ 50,000 ರೂಪಾಯಿ ದಾಟಿದರೆ ಬೇಕು. ಕರ್ನಾಟಕದೊಳಗೆ ಹೋಗೋದಕ್ಕೂ 2018ರ ಏಪ್ರಿಲ್ 1ರಿಂದಲೇ ಇದೆ. 200 ಕಿಮೀಗೆ ಒಂದು ದಿನದ ಲೆಕ್ಕ, ಹುಬ್ಬಳ್ಳಿಗೆ 3 ದಿನ ಸಿಗುತ್ತೆ. ದಿನ ಎಣಿಕೆ ಶುರುವಾಗೋದು ಗಾಡಿ ನಂಬರ್ ತುಂಬುವ ಭಾಗ ಬಿ ಇಂದ. ನಿಮ್ಮ ಶೆಡ್‌ನಿಂದ ನಮ್ಮ ಗೋಡೌನ್‌ಗೆ 50 ಕಿಮೀ ಒಳಗೇ ಇರೋದರಿಂದ ಮಾಲಿನ ವಿವರದ ಭಾಗ ಎ ಮಾಡಿ ನಮ್ಮ ಟ್ರಾನ್ಸ್‌ಪೋರ್ಟರ್ ಐಡಿ ಹಾಕಿ ಕೊಟ್ಟರೆ ಸಾಕು, ಉಳಿದದ್ದು ನಾವು ತುಂಬ್ತೀವಿ. ಪೋರ್ಟಲ್‌ನಲ್ಲಿ ‘ಓವರ್ ಡೈಮೆನ್ಷನಲ್ ಕಾರ್ಗೋ’ ಅಂತ ಒಂದು ಆಯ್ಕೆ ಇದೆ, ‘ನಮ್ಮದೂ ದೊಡ್ಡ ಸಾಮಾನು ತಾನೆ’ ಅಂತ ಅದನ್ನು ಒತ್ತಬೇಡಿ. ಅದು ಮೋಟಾರು ವಾಹನ ನಿಯಮದ ಅಳತೆಯನ್ನೇ ಮೀರುವ ಟರ್ಬೈನು, ಬಾಯ್ಲರ್ ಥರದ ಮಾಲಿಗೆ, ಅದಕ್ಕೆ 20 ಕಿಮೀಗೆ ಒಂದು ದಿನ. ಲಾರಿ ಬಾಡಿಯೊಳಗೆ ಕೂರೋ ಉಯ್ಯಾಲೆ ಮಾಮೂಲಿ ಸರಕೇ.

ಸಣ್ಣ ಕುಟ್ಟಾಣಿ ಕಲ್ಲಿನಂಥದ್ದಾದರೆ ನಮ್ಮ ಹತ್ತಿರ ಬರೋದೇ ಬೇಡ. ಸ್ಪೀಡ್ ಪೋಸ್ಟ್ 35 ಕೆಜಿವರೆಗೆ ತಗೊಳ್ಳುತ್ತೆ. ರಾಜ್ಯದೊಳಗೆ ಕೆಎಸ್‌ಆರ್‌ಟಿಸಿಯ ‘ನಮ್ಮ ಕಾರ್ಗೋ’ 2021ರಿಂದ ಇದೆ, ಬಸ್ ನಿಲ್ದಾಣಕ್ಕೆ ಬಂದು ಬಿಡಿಸಿಕೊಳ್ಳೋಕೆ ಗಿರಾಕಿ ಒಪ್ಪಬೇಕು ಅಷ್ಟೇ.

ಮತ್ತೆ ಪೀಠೋಪಕರಣ ಅಂಗಡಿ, ಮೈಸೂರು

ಫ್ರೀ ಡೆಲಿವರಿ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ನನ್ನ ಪ್ರಕಾರ ಬೇಡ. ಚಾಮುಂಡಿಪುರಂನ ಗಿರಾಕಿಗೂ ಪುಣೆಯವರಿಗೂ ಒಂದೇ ಬೆಲೆ ಅಂದರೆ, ಹತ್ತಿರದವರು ದೂರದವರ ಬಾಡಿಗೆ ಕಟ್ಟಿದ ಹಾಗಾಯ್ತು. ಹತ್ತಿರದವರು ಅಂಗಡಿಗೇ ಬಂದು ‘ಅದಿಲ್ಲದೆ ಎಷ್ಟು’ ಅಂತ ಕೇಳ್ತಾರೆ, ಉತ್ತರ ಕೊಡೋಕಾಗಲ್ಲ. ಮತ್ತೆ ವಾಪಸ್ ಬಂದರೆ ಎರಡೂ ಕಡೆಯ ಬಾಡಿಗೆ ನಿಮ್ಮ ಮೇಲೇ.

ಒಳಕಲ್ಲು, ಬೀಸೋಕಲ್ಲು ಮಾರುವವರು, ಶ್ರೀರಂಗಪಟ್ಟಣ

ನಾನು ಒಪ್ಪಲ್ಲ ಅಣ್ಣ. ಕಲ್ಲು ಕೊಳ್ಳೋರು ಸಾಗಣೆ ದರ ಬೇರೆ ಕಂಡ ಕೂಡಲೇ ಪುಟ ಮುಚ್ಚಿ ಹೋಗ್ತಾರೆ. ಕಲ್ಲಿನ ಬೆಲೆಗಿಂತ ಬಾಡಿಗೆ ಜಾಸ್ತಿ ಕಾಣ್ಸುತ್ತಲ್ಲ, ಅದಕ್ಕೆ. ನಾವು ಮೈಸೂರು, ಮಂಡ್ಯ, ಬೆಂಗಳೂರಿಗೆ ಸೇರಿಸಿಯೇ ಬೆಲೆ ಹಾಕೀವಿ, ಅದರಾಚೆಗೆ ಪಿನ್‌ಕೋಡ್ ಹಾಕಿದರೆ ‘ದರ ಕೇಳಿ’ ಅಂತ ಬರ್ತದೆ, ಫೋನಲ್ಲಿ ಹೇಳ್ತೀವಿ. ಏನೇ ಮಾಡಿ, ಬಾಗಿಲಿಗೆ ಹೋದ ಮೇಲೆ ಹೊಸದಾಗಿ ದುಡ್ಡು ಕೇಳಬೇಡಿ. 2020ರ ಇ-ಕಾಮರ್ಸ್ ನಿಯಮದಲ್ಲಿ ಒಟ್ಟು ಬೆಲೆ, ಅದರಲ್ಲಿ ಸಾಗಣೆ ಎಷ್ಟು ಅಂತ ಮೊದಲೇ ಬಿಡಿಸಿ ತೋರಿಸಬೇಕು ಅಂತ ಇದೆ. ಬೆಂಗಳೂರಿಗೆ ಮೂರು ಚಕ್ರದ ಗೂಡ್ಸ್ ಆಟೋ ಬುಕ್ ಮಾಡೀರಾ ಮತ್ತೆ! 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇ ಮೇನ್ ರಸ್ತೆಗೆ ಅದನ್ನ ಬಿಡಲ್ಲ, ಸರ್ವಿಸ್ ರಸ್ತೇಲೇ ತೆವಳಬೇಕು.

ಕಲ್ಲಿಗೆ ಮೇಲಿನ ಅಳತೆ ಲೆಕ್ಕ ಬೇಡ, ತಕ್ಕಡಿಯೇ ಗೆಲ್ಲೋದು. ಗ್ರಾನೈಟ್ ಒಂದು ಘನ ಅಡಿ ಅಂದರೆ ಸುಮಾರು 75 ಕೆಜಿ. ಒಳಕಲ್ಲನ್ನೂ ಗುಂಡುಕಲ್ಲನ್ನೂ ಬೇರೆ ಬೇರೆ ಪ್ಯಾಕ್ ಮಾಡಿ. ಗುಂಡು ಒಳಗೇ ಇದ್ದರೆ ದಾರಿಯುದ್ದಕ್ಕೂ ಬಾಯಂಚಿಗೆ ಹೊಡೀತಾ ಹೋಗುತ್ತೆ. ಕಲ್ಲು ಎರಡು ಹೋಳಾಗೋದು ಅಪರೂಪ, ಬಾಯಂಚಿನ ಚಕ್ಕೆ ಹಾರೋದೇ ಜಾಸ್ತಿ. ಹಾಗಾಗಿ ಅಂಚಿಗೆ ಸುತ್ತಲೂ ತೆಂಗಿನ ನಾರಿನ ಹಗ್ಗ ಒತ್ತಾಗಿ ಸುತ್ತಿ, ಆಮೇಲೆ ಕ್ರೇಟಿನೊಳಗೆ ನಾಲ್ಕೂ ಕಡೆ ಮರದ ಬೆಣೆ ಹೊಡೀರಿ, ಕೈಯಲ್ಲಿ ತಳ್ಳಿದರೆ ಅಲ್ಲಾಡಬಾರದು. ನಮ್ಮ ಕಡೆ ಭತ್ತದ ಹುಲ್ಲು ಪುಕ್ಕಟೆ ಸಿಗುತ್ತೆ ಅಂತ ತುಂಬ್ತಾರೆ. ಬೇಡ. ಮಳೆ ನೀರು ಹೀರಿ ಕಲೆ ಹಿಡಿಸುತ್ತೆ, ಬೆಂಕಿ ಭಯಕ್ಕೆ ಕೆಲವು ಗೋಡೌನ್‌ನವರು ತಗೊಳ್ಳೋದೂ ಇಲ್ಲ.

ಗುಂಡ್ಲುಪೇಟೆ ರಸ್ತೆಯಲ್ಲಿ ಗಾಡಿ ಓಡಿಸುವವರು

ಕೋಯಿಕ್ಕೋಡ್ ಅಂದ್ರಲ್ಲ. ಬಂಡೀಪುರದ ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್, 2009ರಿಂದ ಹಂಗೇ ಇದೆ. ಸಂಜೆ ಲೋಡ್ ಮಾಡಿಕೊಟ್ಟು ಬೆಳಿಗ್ಗೆ ತಲುಪುತ್ತೆ ಅಂತ ಗಿರಾಕಿಗೆ ಮಾತು ಕೊಡಬೇಡಿ. ಇಲ್ಲಾಂದ್ರೆ ಹುಣಸೂರು, ಗೋಣಿಕೊಪ್ಪ, ಕುಟ್ಟ ಸುತ್ತಿಕೊಂಡು ಹೋಗಬೇಕು, ಬಾಡಿಗೆ ಬೇರೆ ಆಗ್ತದೆ. ತಾಮರಶ್ಶೇರಿ ಘಾಟಿಯಲ್ಲಿ ತಿರುವು ಜಾಸ್ತಿ, ಕಲ್ಲಿನ ಕ್ರೇಟನ್ನ ಗಾಡಿಯ ಚೌಕಟ್ಟಿಗೆ ಬೆಲ್ಟ್ ಹಾಕಿ ಬಿಗಿಸ್ದೇ ಕಳಿಸಬೇಡಿ, ಜಾರಿ ಬಂದ್ರೆ ಡಾಲಾ (ಗಾಡಿ ಅಂಚಿನ ತಡೆಹಲಗೆ) ಮುರೀತದೆ.

ಇಳಿಸೋಕೆ ಕೇರಳದಲ್ಲಿ ಹೊರೆ ಕಾರ್ಮಿಕರ ಸಂಘ ಇರ್ತದೆ, ಅವರಿಗೆ 1978ರಿಂದಲೇ ಬೇರೆ ಕಾನೂನು. ಮೊದಲೇ ಗಿರಾಕಿಗೆ ಹೇಳಿ ಕೂಲಿ ಮಾತಾಡಿಸಿ ಇಡಿ. ಸುಮ್ನೆ ನಿಂತು ನೋಡಿದ್ದಕ್ಕೆ ಕೇಳೋ ‘ನೋಕ್ಕು ಕೂಲಿ’ಯನ್ನ ಅಲ್ಲಿನ ಸರ್ಕಾರ 2018ರಲ್ಲಿ ನಿಷೇಧಿಸಿದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಸರಪಳಿ ಪೆಟ್ಟಿಗೆ ವಿಷಯ ನಮಗೆ ಹೊಳೆದಿರಲೇ ಇಲ್ಲ. ಇನ್ಶೂರೆನ್ಸ್ ಬಗ್ಗೆ ಯಾರಾದರೂ?

ಮರದ ಗಾಣ ಮಾರುವವರು, ಮಂಡ್ಯ

ಒಳನಾಡು ಸಾಗಣೆ ಪಾಲಿಸಿಯಲ್ಲಿ ಎ, ಬಿ, ಸಿ ಅಂತ ಕ್ಲಾಸ್ ಇರುತ್ತೆ. ಸಿ ಬರೀ ಬೆಂಕಿ, ಸಿಡಿಲಿಗೆ. ಬಿ ಅಂದರೆ ಅದರ ಜೊತೆ ಗಾಡಿ ಡಿಕ್ಕಿ, ಪಲ್ಟಿ ಥರದ್ದು. ಹಬ್‌ನಲ್ಲಿ ಎತ್ತಿ ಹಾಕಿ ಮುರಿದದ್ದಕ್ಕೆ ಸಿಗಬೇಕಾದರೆ ಎ ಬೇಕು. ಎಯಲ್ಲೂ ಪ್ಯಾಕಿಂಗ್ ಸಾಲದು ಅಂತ ಅವರಿಗೆ ಅನಿಸಿದರೆ ಕ್ಲೇಮ್ ತಳ್ಳಿಹಾಕ್ತಾರೆ, ಆದ್ದರಿಂದ ಕ್ರೇಟ್ ಮುಚ್ಚೋ ಮುಂಚೆ, ಮುಚ್ಚಿದ ಮೇಲೆ ಫೋಟೊ ಇಟ್ಟುಕೊಳ್ಳಿ. ತಿಂಗಳಿಗೆ ನಾಲ್ಕಾರು ಆರ್ಡರ್ ಹೋಗೋದಾದರೆ ಒಂದೊಂದಕ್ಕೂ ಬೇರೆ ಮಾಡಿಸೋ ಬದಲು ವರ್ಷದ ಓಪನ್ ಪಾಲಿಸಿ ಕೇಳಿ.

ನಮ್ಮ ಪುಟದಲ್ಲಿ, ‘ಆರ್ಡರ್ ಮಾಡಿ’ ಗುಂಡಿಯ ಮೇಲೇ ಹಾಕಿರೋ ಸಾಲು ಕೆಳಗಿದೆ. ಬೇಕಿದ್ದರೆ ನಿಮ್ಮ ಸಾಮಾನಿಗೆ ತಕ್ಕಂತೆ ತಿದ್ದಿ ಹಾಕಿಕೊಳ್ಳಿ:

‘ಈ ದರದಲ್ಲಿ ಸಾಮಾನು ನಿಮ್ಮ ಬೀದಿಯಲ್ಲಿ ಲಾರಿ ನಿಲ್ಲುವ ಜಾಗದವರೆಗೆ ಬರುತ್ತದೆ. ಇಳಿಸಲು ಸಾಕಷ್ಟು ಜನರನ್ನು ನೀವು ಕರೆಸಬೇಕು, ಅಥವಾ ಮನೆಯೊಳಗಿನ ಡೆಲಿವರಿ ಆರಿಸಿ. ಪೆಟ್ಟಿಗೆ ಮುರಿದಿದ್ದರೆ ಡ್ರೈವರ್ ಇರುವಾಗಲೇ ಫೋಟೊ ತೆಗೆದು, ಬಿಲ್ಟಿಯ ಮೇಲೆ ಹಾಗೆಂದು ಬರೆದು ಸಹಿ ಮಾಡಿ.’