ಪದಚರ್ಚೆ: ಆಂಟೆನಾ ಸ್ಪ್ಲಿಟರ್‌ಗೆ ಏನನ್ನೋಣ? (ತುರ್ತು)

ಎಲ್ಲರಿಗೂ ನಮಸ್ಕಾರ. ಜಯನಗರದ ಶಾಲೆಯೊಂದರ ವಿಜ್ಞಾನ ಮೇಳಕ್ಕೆ ಫಲಕ ಬರೆಯುತ್ತಿದ್ದೇನೆ. ನಾಳೆ ಬೆಳಿಗ್ಗೆಯೇ ಪ್ರಿಂಟಿಗೆ ಕೊಡಬೇಕು. ತಾರಸಿಯಲ್ಲಿ ಒಂದೇ ಆಂಟೆನಾ, ಕೆಳಗೆ ಮೇಜಿನ ಮೇಲೆ ಎರಡು ರೇಡಿಯೊ ಸ್ಕ್ಯಾನರ್ (ಸ್ಟೇಷನ್ ಹುಡುಕುತ್ತಾ ಹೋಗಿ, ಸಿಗ್ನಲ್ ಸಿಕ್ಕಲ್ಲಿ ತಾನೇ ನಿಲ್ಲುವ ರೇಡಿಯೊ). ಮಕ್ಕಳು ಹವ್ಯಾಸಿ ರೇಡಿಯೊದ ೧೪೪–೧೪೬ ಮತ್ತು ೪೩೪–೪೩೮ ಮೆಗಾಹರ್ಟ್ಸ್ ಎರಡನ್ನೂ ಎರಡರಲ್ಲೂ ಹುಡುಕುತ್ತಾರೆ. ನಡುವೆ ಕೂತು ಆಂಟೆನಾದ ಸಿಗ್ನಲನ್ನು ಎರಡಕ್ಕೂ ಕೊಡುವ ಡಬ್ಬಿ, ಅಂದರೆ ಸ್ಪ್ಲಿಟರ್‌ಗೆ, ಪದ ಬೇಕು.

—

ವಿಭಾಜಕ. ಇದರಲ್ಲಿ ಚರ್ಚೆಗೇನಿದೆ?

—

> ವಿಭಾಜಕ

ಬೇಡ. ಅದು ಭಾಗಾಕಾರದ ಮಾತು. ಶಾಲೆಯ ಮೇಳದಲ್ಲಿ ಅದನ್ನೇ ತಂದು ಡಬ್ಬಿಗೆ ಅಂಟಿಸಿದರೆ ಆರನೇ ಕ್ಲಾಸಿನ ಹುಡುಗಿ ಯಾವ ಅರ್ಥ ಹಿಡಿಯಬೇಕು?

ಕವಲು ಅನ್ನಿ. ತಮಿಳಿನ ಕವೈ, ಮಲಯಾಳದ ಕವಲ ಎಲ್ಲ ಒಂದೇ ಬೇರಿನವು. ಆಂಟೆನಾ ಕೂಡ ಬೇಕಾಗಿಲ್ಲ. ಲ್ಯಾಟಿನ್ನಿನಲ್ಲಿ ಅದು ಹಾಯಿ ಕಟ್ಟುವ ಅಡ್ಡಮರ, ಆಮೇಲೆ ಹುಳುವಿನ ತಲೆಗೆ ಬಂತು, ಕೊನೆಗೆ ರೇಡಿಯೊಗೆ. ಹುಳುವಿನದನ್ನು ನಾವು ಕುಡಿಮೀಸೆ ಅನ್ನುತ್ತೇವೆ, ತಾರಸಿಯದಕ್ಕೂ ಅದೇ ಸಾಕು. "ಕುಡಿಮೀಸೆ ಕವಲು."

—

ಮೇಡಂ, ಪದಕ್ಕಿಂತ ಮುಂಚೆ ಡಬ್ಬಿಯೊಳಗೆ ಏನು ನಡೆಯುತ್ತದೆ ನೋಡಿ.

ಕವಲು ಎಂದರೆ ದಾರಿ ಎರಡಾಯಿತು, ಅಷ್ಟೇ. ಹಾಗೆ ಬರೀ ಕವಲು ಸಾಕಿದ್ದರೆ ಒಂದು 'ಟಿ' ಕನೆಕ್ಟರ್ ಸಿಕ್ಕಿಸಿದರೆ ಮುಗಿಯುತ್ತಿತ್ತು. ಅದರಲ್ಲಿ ನಷ್ಟವೇನೂ ವಿಪರೀತವಲ್ಲ, ತೊಂದರೆ ಬೇರೆ: ಎರಡು ಸ್ಕ್ಯಾನರ್‌ಗಳು ಒಂದನ್ನೊಂದು ಎಳೆದಾಡುತ್ತವೆ. ಒಂದರ ಒಳಗಿನ ಆಸಿಲೇಟರಿನ (ಸ್ಟೇಷನ್ ಹಿಡಿಯಲು ಒಳಗೇ ಸಿಗ್ನಲ್ ಹುಟ್ಟಿಸುವ ಭಾಗ) ಸೋರಿಕೆ ಇನ್ನೊಂದಕ್ಕೆ ನುಗ್ಗಿ, ಇಲ್ಲದ ಸ್ಟೇಷನ್ನಿನ ಮೇಲೆ ಅದು ನಿಂತುಬಿಡುತ್ತದೆ. ಸ್ಪ್ಲಿಟರ್ ಬಿಚ್ಚಿ ನೋಡಿ: ಬೆರಳ ತುದಿಯಷ್ಟು ಫೆರೈಟ್ (ಒಂದು ಕಾಂತೀಯ ವಸ್ತು) ಮಣಿ, ಅದರ ಮೇಲೆ ಕೆಲವು ಸುತ್ತು ತಾಮ್ರದ ತಂತಿ, ಎರಡು ಹೊರಬಾಯಿಗಳ ನಡುವೆ ಒಂದು ರೆಸಿಸ್ಟರ್. ಒಂದು ಬಾಯಿಯಿಂದ ಇನ್ನೊಂದಕ್ಕೆ ಸೋರುವುದು ಸಾಮಾನ್ಯವಾಗಿ ೨೦ ಡೆಸಿಬೆಲ್ ಕೆಳಗಿಳಿಯುತ್ತದೆ, ಅಂದರೆ ನೂರರಲ್ಲೊಂದು ಪಾಲು. ಬಂದ ಸಿಗ್ನಲ್ ಸಮಪಾಲಾಗುತ್ತದೆ. ಲೆಕ್ಕಕ್ಕೆ ೩ ಡೆಸಿಬೆಲ್, ಅಂದರೆ ಅರ್ಧ, ನಿಜದಲ್ಲಿ ಸುಮಾರು ಮೂರೂವರೆ ಡೆಸಿಬೆಲ್ ಕಡಿಮೆ.

ಪಾಲು ಮಾಡಿದ ಮೇಲೆ ಪಾಲು ಕಿರಿದಾಗುತ್ತದೆ. ಮಕ್ಕಳಿಗೆ ತಿಳಿಯಬೇಕಾದ್ದು ಇದು. "ಹಂಚು" ಅದನ್ನು ಹೇಳುತ್ತದೆ, "ಕವಲು" ಹೇಳುವುದಿಲ್ಲ. ವಿಭಾಜಕ ಇನ್ನೂ ಅಪಾಯ: ೧೪೪ ಅನ್ನು ಈ ಕಡೆ, ೪೩೪ ಅನ್ನು ಆ ಕಡೆ ಬೇರೆ ಮಾಡಿ ಕಳಿಸುವ ಡಿಪ್ಲೆಕ್ಸರ್ ಬೇರೆಯೇ ಇದೆ. ಎರಡೂ ವಿಭಾಜಕವಾದರೆ ಗತಿಯೇನು?

ಇನ್ನೊಂದು: ಟಿವಿಗೆ ಹಾಕುವ ೭೫ ಓಮಿನ ಸ್ಪ್ಲಿಟರ್ ಇದಕ್ಕೆ ಸಾಕು, ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುತ್ತದೆ. ಆದರೆ ಕೇಳುವುದಕ್ಕೆ ಮಾತ್ರ. ಅದರ ಮೂಲಕ ಪ್ರಸಾರ ಮಾಡಲು ಹೋದರೆ ಪಕ್ಕದ ಸ್ಕ್ಯಾನರ್ ಸುಟ್ಟೀತು. ಫಲಕದಲ್ಲಿ ಇದನ್ನು ಬರೆಯಲೇಬೇಕು.

—

ವಿಭಾಜಕದಂಥ ಸಂಸ್ಕೃತ ಪದವೆಂದರೆ ಇಷ್ಟು ಅಸಡ್ಡೆಯಾದರೆ ಆಕಾಶವಾಣಿಯನ್ನು ಎಲ್ಲಿಡುತ್ತೀರಿ? ಎಂ.ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ತೆರೆದ ರೇಡಿಯೊ ನಿಲಯದ ಹೆಸರು ಆಮೇಲೆ ಇಡೀ ದೇಶದ್ದಾಯಿತು.

—

ನಿಲಯದ ಹೆಸರಾಯಿತು, ಒಪ್ಪಿದೆ. ಪೆಟ್ಟಿಗೆಯನ್ನು ಜನ ರೇಡಿಯೊ ಅಂತಲೇ ಕರೆದರು.

—

ಹಾಗಾದರೆ ಸ್ಪ್ಲಿಟರೂ ಪೆಟ್ಟಿಗೆಯೇ ತಾನೆ? ಕೇಬಲ್ ಹುಡುಗರ ಬಾಯಲ್ಲಿ ಅದು ಎಂದೋ ಕನ್ನಡವಾಗಿದೆ. ಹೆಸರು ಇರಲಿ, ಕೆಲಸವನ್ನು ಕನ್ನಡದಲ್ಲಿ ಹೇಳಿ.

—

> ಹೆಸರು ಇರಲಿ

ಹೀಗೆ ಒಂದೊಂದನ್ನೇ ಬಿಟ್ಟುಕೊಟ್ಟು ಕೊನೆಗೆ ವಿಭಕ್ತಿ ಪ್ರತ್ಯಯ ಮಾತ್ರ ಉಳಿಯುತ್ತದೆ. ನಾನು ಒಪ್ಪುವುದಿಲ್ಲ.

—

ಎಲ್ಲರಿಗೂ ವಂದನೆ. ಪ್ರಿಂಟಿಗೆ ಹೀಗೆ ಕೊಡುತ್ತಿದ್ದೇನೆ: "ಸ್ಪ್ಲಿಟರ್: ಒಂದು ಆಂಟೆನಾದ ಸಿಗ್ನಲನ್ನು ಎರಡು ಸ್ಕ್ಯಾನರ್‌ಗೆ ಸಮನಾಗಿ ಹಂಚುತ್ತದೆ. ಒಂದೊಂದಕ್ಕೂ ಸಿಗುವುದು ಅರ್ಧಕ್ಕಿಂತ ತುಸು ಕಡಿಮೆ. ಕೇಳಲು ಮಾತ್ರ, ಪ್ರಸಾರಕ್ಕಲ್ಲ." ಡಿಪ್ಲೆಕ್ಸರ್‌ಗೆ ಪದ ಹೊಳೆದವರು ಬರೆಯಿರಿ, ಅದಕ್ಕೆ ಇನ್ನೊಂದು ಫಲಕವಿದೆ.